ನಲ್ಲಿಯ ಮುಂದೆ ಇನ್ನೂರು

ಬೆಳಗಿನ ಐದೂವರೆ. ಹದಿನೇಳನೇ ಎಣ್ಣೆಬಾವಿಯ ನಲ್ಲಿ ತಿರುಗಿಸಿ, ಬಕೆಟ್ಟಿಗೆ ಬೀಳುವ ಧಾರೆ ನೋಡುತ್ತ ಅವರು ತುಟಿಯಲ್ಲೇ ಎಣಿಸುತ್ತಿದ್ದಾರೆ. ಇನ್ನೂರಾಗುವವರೆಗೆ, ಪರೀಕ್ಷೆಗೆ ಮಾದರಿ ಹಿಡಿಯುವ ಬಾಟಲಿ ಕಂಕುಳಲ್ಲೇ. ಮಧ್ಯೆ ಯಾರಾದರೂ ಮಾತಾಡಿಸಿದರೋ, ಮತ್ತೆ ಒಂದರಿಂದ ಶುರು. ಹೀಗಾಗಿ ಇಲ್ಲಿ ಎಲ್ಲರಿಗೂ ಅವರು ಇನ್ನೂರಣ್ಣ. ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

"ನಲ್ಲಿ ಕುತ್ತಿಗೇಲಿ ನಿಂತಿದ್ದ ಹಳೇ ಎಣ್ಣೆ ಮೊದ್ಲು ಬರುತ್ತೆ. ಅದನ್ನ ಹಿಡಿದ್ರೆ ಬಾವಿ ಹೆಸ್ರಲ್ಲಿ ಸುಳ್ಳು ಹೇಳಿದ ಹಾಗೆ."

ಇಪ್ಪತ್ತೆರಡು ವರ್ಷಗಳಿಂದ ದಿನಕ್ಕೆ ಮೂವತ್ತೊಂದು ಬಾವಿ, ಮೂವತ್ತೊಂದು ಬಾಟಲಿ. ಮಂಡಿ ಸವೆದಿದೆ. ಬಾವಿಗಳಿಗೂ ವಯಸ್ಸಾಗಿದೆ: ಹದಿನೇಳರಲ್ಲಿ ನೂರು ಲೀಟರ್ ಮೇಲೆ ಬಂದರೆ ತೊಂಬತ್ತೇಳು ಬರೀ ನೀರು. ಆದ್ದರಿಂದ ಕಂಪನಿಯವರು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಕಣಗಳನ್ನು ನೀರಿಗೆ ಬೆರೆಸಿ, ಪಕ್ಕದ ಬಾವಿಯಿಂದ ನೆಲದೊಳಕ್ಕೆ ನುಗ್ಗಿಸುತ್ತಿದ್ದಾರೆ. ಬಂಡೆಗೆ ಅಂಟಿ ಕೂತ ಎಣ್ಣೆಯನ್ನು ಅವು ಬಿಡಿಸಬೇಕು. ಆರು ತಿಂಗಳಲ್ಲಿ ಬಿಡಿಸದಿದ್ದರೆ ಹದಿನೇಳನೇ ಬಾವಿಗೆ ಸಿಮೆಂಟು ಸುರಿದು ಮುಚ್ಚುವುದೆಂದು ತೀರ್ಮಾನವಾಗಿತ್ತು. ಇನ್ನೂರಣ್ಣ ಕೆಲಸ ಕಲಿತದ್ದೇ ಆ ಬಾವಿಯಲ್ಲಿ.

ನಾಲ್ಕನೇ ತಿಂಗಳಲ್ಲಿ ಹದಿನೇಳರ ಒಂದು ಬಾಟಲಿ ನೂರಕ್ಕೆ ಎಂಬತ್ತೊಂದೇ ನೀರು ತೋರಿಸಿತು. ಲ್ಯಾಬಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಆಗ ಇನ್ನೂರಣ್ಣ ಬಾಗಿಲಲ್ಲಿ ಬಂದು ನಿಂತು ಲ್ಯಾಬಿನ ಮುಖ್ಯಸ್ಥೆಗೆ ಹೇಳಿದರು.

"ಮೇಡಂ, ಅದನ್ನ ಚೆಲ್ಲಿಬಿಡಿ. ನಲವತ್ತು ಎಣಿಸೋದ್ರಲ್ಲೇ ಹಿಡಿದುಬಿಟ್ಟೆ."

ಎಣಿಸುತ್ತಿದ್ದಾಗ ಅಳಿಯನ ಫೋನ್ ಬಂದಿತ್ತು: ಮಗಳಿಗೆ ಹೆರಿಗೆಯಾಗಿದೆ, ಹೆಣ್ಣುಮಗು. ಖುಷಿಯಲ್ಲಿ ಲೆಕ್ಕ ತಪ್ಪಿತ್ತು. ಮತ್ತೆ ಹಿಡಿದ ಬಾಟಲಿಯಲ್ಲಿ ಅದೇ ತೊಂಬತ್ತೇಳು. ಲ್ಯಾಬಿನವರು ವಾರಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. "ನಂಗೇನು ಆಸೆ ಇರ್ಲಿಲ್ವಾ? ಬಾಯಿ ಮುಚ್ಕೊಂಡಿದ್ರೆ ಹದಿನೇಳು ಉಳೀತಿತ್ತಲ್ಲ!"

ಗಡುವಿಗೆ ಹನ್ನೊಂದು ದಿನವಿರುವಾಗ ನೀರು ತೊಂಬತ್ತೊಂದಕ್ಕೆ ಇಳಿಯಿತು. ಇಂಥ ಸುದ್ದಿ ಕೇಳಿದರೆ ಮರುಪರೀಕ್ಷೆಗೆ ತನ್ನ ಜನರನ್ನು ಕಳಿಸುವುದು ಮುಖ್ಯ ಕಚೇರಿಯ ರೂಢಿ. ಈ ಸಲ ಫೋನಿನಲ್ಲಿ ಒಂದೇ ಪ್ರಶ್ನೆ ಬಂತು: "ಬಾಟಲಿ ಹಿಡಿದದ್ದು ಇನ್ನೂರಣ್ಣಾನೇ ತಾನೇ?" ಲ್ಯಾಬಿನವರು ಹೌದೆಂದರು. ಸಿಮೆಂಟಿನ ಲಾರಿ ಬರಲೇ ಇಲ್ಲ.

"ಮನೆ ನಲ್ಲೀನೂ ಬಿಟ್ಕೊಂಡು ಎಣಿಸ್ತಾ ನಿಲ್ತಾರೆ, ಟ್ಯಾಂಕ್ ಖಾಲಿ," ಎಂದು ಹೆಂಡತಿ ರೇಗುತ್ತಾರೆ. ನಿವೃತ್ತಿಗೆ ಇನ್ನೆರಡು ವರ್ಷ. ಆಮೇಲೇನು ಮಾಡುತ್ತೀರಿ ಎಂದು ಕೇಳಿದಾಗ ಅವರು ನೂರ ಅರವತ್ತರಲ್ಲಿದ್ದಾರೆ.

"ಮೊಮ್ಮಗಳಿಗೆ ಎಣಿಸೋದು ಕಲಿಸ್ತೀನಿ. ಅವಳು ಹುಟ್ಟಿದ ದಿನ ತಪ್ಪಿದ್ನಲ್ಲ, ಅವಳು ತಪ್ಪಬಾರದು."

ಅಷ್ಟು ಹೇಳಿ, ಬಾಟಲಿಯನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿ ಹಿಡಿದು, ಒಂದರಿಂದ ಮತ್ತೆ ಶುರುಮಾಡುತ್ತಾರೆ.