ಗೇಟಿನಲ್ಲಿ ಚೆಲ್ಲಿದ ಶಿಂದಿ

ತೊಂಬತ್ತರ ದಶಕದ ಮಾತು. ಹುಮನಾಬಾದಿನ ಒಂದು ಫ್ಯಾಕ್ಟರಿಗೆ ಯಂತ್ರ ಕೂಡಿಸಲು ಬೆಲ್ಜಿಯಂನಿಂದ ಎಂಜಿನಿಯರ್ ಬಂದಿದ್ದ. ಅವನ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಮ್ಯಾನೇಜರ್‌ಗೂ ಇಂಗ್ಲಿಷ್ ಅಷ್ಟಕ್ಕಷ್ಟೇ.

ಕೆಲಸ ಮುಗಿದ ದಿನ ಫಿಟ್ಟರ್ ಗುಂಡಪ್ಪ ಅವನಿಗೆಂದು ಹತ್ತಿರದ ನಿರ್ಣಾ ಎಂಬ ಹಳ್ಳಿಯಿಂದ ಒಂದು ಗಡಿಗೆ ಶಿಂದಿ ತಂದ. ಈಚಲು ಮರದಿಂದ ಆಗಷ್ಟೇ ಇಳಿಸಿದ ಹೆಂಡ. ಮ್ಯಾನೇಜರ್ ಗೇಟಿನಲ್ಲೇ ತಡೆದರು.

"ಸಾಹೇಬರಿಗಿ ಈ ಹೊಲಸು ಕುಡಸ್ತಿ ಏನೋ?"

ಗಡಿಗೆಯನ್ನು ಮಣ್ಣಿನಲ್ಲಿ ಬೋರಲು ಹಾಕಿಸಿದರು. ಗುಂಡಪ್ಪ ಖಾಲಿ ಗಡಿಗೆ ಎತ್ತಿಕೊಂಡು ಹೋದ.

ಸಂಜೆ ಎಂಜಿನಿಯರ್ ತನ್ನೂರಿನ ಬಾಟಲಿ ತೆಗೆದ. ಅವನ ಅಣ್ಣ ಮನೆಯಲ್ಲೇ ಮಾಡಿದ ಬಿಯರ್. ಅಲ್ಲಿಯ ಹಳೆಯ ಪದ್ಧತಿಯಂತೆ ಯೀಸ್ಟ್ ಹಾಕದೆ, ಗಾಳಿಯಲ್ಲಿರುವುದೇ ಬಂದು ಹುಳಿಸಲಿ ಎಂದು ಬಿಟ್ಟದ್ದಂತೆ. ಒಂದು ಗುಟುಕು ಕುಡಿದೆ. ಹುಳಿ, ಒಗರು, ಕೊನೆಗೆ ದನದ ಕೊಟ್ಟಿಗೆಯ ವಾಸನೆ. ಬಿಸಿಲೇರಿದ ಮೇಲಿನ ಶಿಂದಿಯ ಖಾಸಾ ತಮ್ಮ! ಮ್ಯಾನೇಜರ್ ಮುಖ ಕಿವುಚಿಕೊಂಡರು. ಆದರೂ "ವಾಹ್, ಫಸ್ಟ್ ಕ್ಲಾಸ್!" ಎಂದು ಮತ್ತೆ ಗ್ಲಾಸು ಒಡ್ಡಿದರು. ನನಗೆ ಮೈಯೆಲ್ಲ ಉರಿಯಿತು.

"ನಿಮ್ಮಲ್ಲಿ ಇಂಥದ್ದು ಸಿಗುವುದಿಲ್ಲವೇ?" ಎಂದು ಎಂಜಿನಿಯರ್ ಕೇಳಿದ.

"ಇಲ್ಲ ಅಂತ ಹೇಳ್ರಿ," ಎಂದರು ಮ್ಯಾನೇಜರ್.

ನಾನು ಗೇಟಿನಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಎಂಜಿನಿಯರ್ ಗ್ಲಾಸು ಕೆಳಗಿಟ್ಟ. ಬೆಳಿಗ್ಗೆ ಗುಂಡಪ್ಪನ ಮನೆಗೆ ಕರೆದುಕೊಂಡು ಹೋಗು ಎಂದ.

ಗುಂಡಪ್ಪ ನಮ್ಮನ್ನು ಒಳಗೆ ಕರೆಯಲಿಲ್ಲ. "ನಿನ್ನಿ ತಂದಿದ್ದೆ, ನೆಲ ಕುಡೀತು. ಇವತ್ತ ಇಲ್ಲ ಅಂತ ಹೇಳ್ರಿ."

ಅದನ್ನೂ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಆ ಫ್ಯಾಕ್ಟರಿಯವರು ಮತ್ತೆಂದೂ ನನ್ನನ್ನು ಕರೆಯಲಿಲ್ಲ. ದುಭಾಷಿ ಕೆಲಸಕ್ಕೆ ನನ್ನ ನಾಲಿಗೆ ಉದ್ದವಾಯಿತಂತೆ.