ಗೌಂಡಿ ಭೀಮಶ್ಯಾನ ಕರುಳು

ತಾಂಬಾ ಊರಿನ ಮರೆಪ್ಪ, ಕೇರಿಗೆ ನೀರಿಲ್ಲದ ಕಾಲಕ್ಕೆ ಬಂಡೆ ಒಡೆದು ಬಾವಿ ತೋಡಿದವನು. ಅವನ ಮಗ ಯಮನಪ್ಪ ಊರ ಶಾಲೆಯ ಗೋಡೆಗೆ ತಲೆಯ ಮೇಲೆ ಕಲ್ಲು ಹೊತ್ತವನು. ಯಮನಪ್ಪನ ಮಗ ಭೀಮಶ್ಯಾ ಗೌಂಡಿಯಾದ. ಇಂಡಿಯಿಂದ ಸಿಂದಗಿಯವರೆಗೆ ಅವನು ಎಬ್ಬಿಸಿದ ಗೋಡೆಗೆ ಯಾರೂ ದಾರ ಹಿಡಿದು ನೋಡಲಿಲ್ಲ, ಅಷ್ಟು ನೆಟ್ಟಗೆ ನಿಲ್ಲುತ್ತಿತ್ತು.

ಗೌಂಡಿ ಕೆಲಸದಲ್ಲಿ ಒಂದು ರೂಢಿ ಉಂಟು. ಸುಮ್ಮನೆ ಕೂತವನನ್ನು ಮೇಸ್ತ್ರಿ ಎಬ್ಬಿಸುತ್ತಾನೆ, ಬೀಡಿ ಹಚ್ಚಿದವನನ್ನು ಎಬ್ಬಿಸುವುದಿಲ್ಲ. ಭೀಮಶ್ಯಾ ದಣಿವಾರಿಸಿಕೊಳ್ಳಲೆಂದೇ ಬೀಡಿ ಕಲಿತ.

ನಲವತ್ತು ದಾಟುವ ಹೊತ್ತಿಗೆ ಹೊಟ್ಟೆ ಹಿಂಡತೊಡಗಿತು. ಉಂಡದ್ದು ನಿಲ್ಲದು, ಮೈ ಒಣಗಿತು. ವಿಜಯಪುರದ ಡಾಕ್ಟರು ಇದು ಕ್ರೋನ್ಸ್ ಎಂಬ ಕರುಳಿನ ಉರಿಯೂತವೆಂದು ಹೇಳಿ, ಬಾತು ಮುಚ್ಚಿದ್ದ ಭಾಗವನ್ನು ಕೊಯ್ದು ತೆಗೆದು, ಚುಚ್ಚುಮದ್ದು ಶುರುಮಾಡಿದರು.

"ಬೀಡಿ ಸೇದಿದ್ರ ಔಷಧ ಹತ್ತೂದಿಲ್ಲ, ಕರುಳ ಮತ್ತ ಕಟ್ತೈತಿ," ಎಂದರು.

ಭೀಮಶ್ಯಾ ಬೀಡಿ ಕಟ್ಟನ್ನು ಗಟಾರಕ್ಕೆ ಎಸೆದ. ರೊಟ್ಟಿ ಅರಗತೊಡಗಿತು, ಮೈ ತುಂಬಿಕೊಂಡಿತು.

ಅಷ್ಟರಲ್ಲಿ ಊರಿನ ಸಾಹುಕಾರ ಬಸಂತರಾಯ ಎದುರಾದ. ಅವನದೂ ಕರುಳಿನದೇ ಕಾಟ, ಆದರೆ ಬೇನೆ ಬೇರೆ, ದೊಡ್ಡ ಕರುಳಿನ ಹುಣ್ಣು. ಬೀಡಿ ಬಿಟ್ಟ ಮೇಲೆ ಅಂಥ ಹುಣ್ಣು ಕೆಲವರಿಗೆ ಕೆರಳುವುದುಂಟು.

"ಬೀಡಿ ಬಿಟ್ಟ ಮ್ಯಾಲ ನನಗ ರಕ್ತ ಬಿತ್ತು ನೋಡೋ ಭೀಮಶ್ಯಾ. ಬೀಡಿ ಹೊಗೀನ ನನ್ನ ಹೊಟ್ಟಿ ಕಾಯ್ತಿತ್ತು."

"ಡಾಕ್ಟರ ಬ್ಯಾಡ ಅಂದಾರಲ್ರಿ ಸಾವಕಾರ್ರ."

"ಅವ್ರ ಹೊಟ್ಟಿ ಏನದು?" ಎಂದು ಬಸಂತರಾಯ ನಕ್ಕ.

ಆದರೆ ಬಸಂತರಾಯ ತಾನು ಮತ್ತೆ ಸೇದಲಿಲ್ಲ. ಗುಳಿಗೆ ನುಂಗಿ ಚೇತರಿಸಿಕೊಂಡ. ಭೀಮಶ್ಯಾ ಅದನ್ನು ವಿಚಾರಿಸಲಿಲ್ಲ. ಅಂದೇ ಬೀಡಿ ಹಚ್ಚಿದ.

"ನಿಮ್ಮ ಹೊಟ್ಟಿ ಸುಡಾಕ ಹಗೇರು ಬ್ಯಾಡ್ರಿ, ನೀವ ಸಾಕು," ಎಂದಳು ಹೆಂಡತಿ ಸಾವಂತ್ರವ್ವ.

ವರ್ಷ ತಿರುಗುವಷ್ಟರಲ್ಲಿ ಚುಚ್ಚುಮದ್ದು ಫಲ ಕೊಡದಾಯಿತು. ಮತ್ತೆ ಕೊಯ್ದರು. ಈಗ ಮಲ ಹೊಟ್ಟೆಗೆ ಅಂಟಿಸಿದ ಚೀಲಕ್ಕೆ ಬೀಳುತ್ತದೆ. ಗೋಡೆಯ ಮುಂದೆ ನಿಲ್ಲುತ್ತಿದ್ದ ಗೌಂಡಿ ಗೋಡೆಗೆ ಒರಗಿ ಕೂಡುತ್ತಾನೆ. ಬೀಡಿ ಮಾತ್ರ ಬೆರಳ ಸಂದಿಯಲ್ಲೇ ಇದೆ.

ಮುದ್ದೇಬಿಹಾಳದಲ್ಲಿ ನರ್ಸ್ ಆಗಿರುವ ಮಗಳು ಪಲ್ಲವಿ ಬಂದಳು.

"ಅಪ್ಪಾ, ನನ್ನ ಮನಿಗೆ ನಡಿ. ಚೀಲ ನಾ ತೊಳಿತೇನಿ. ಬೀಡಿ ಬಿಡಸೂ ಗುಳಿಗಿನೂ ಅದಾವು. ಉಳಿದ ಕರುಳರ ಉಳಸ್ಕೊಳ್ಳೂಣು."

ಭೀಮಶ್ಯಾ ಅಂಗಿ ಎಳೆದು ಚೀಲ ಮುಚ್ಚಿಕೊಂಡ.

"ಬ್ಯಾಡವ್ವಾ. ಸಣ್ಣಾಕಿದ್ದಾಗ ನಿನ್ನ ನಾ ತೊಳದೇನಿ, ನಿನ್ನ ಕೈಲೆ ನಾ ತೊಳಸ್ಕೊಳ್ಳೂದಿಲ್ಲ. ಗುಳಿಗಿನೂ ಬ್ಯಾಡ. ನೀ ಹೋಗು, ಡ್ಯೂಟಿಗೆ ತಡಾ ಆಗತೈತಿ."