ಬಳೆ ಚಾಚಾನ ಜಾಗದಲ್ಲಿ ಬಾಳೆಹಣ್ಣು

ಗೆಳೆಯರೇ, ಇವತ್ತು ಕಮಲಾಪುರ ಸಂತೆಯಲ್ಲಿ ನಮ್ಮನ್ನು ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮುಸ್ಲಿಮರ ಹತ್ತಿರ ವ್ಯಾಪಾರ ಮಾಡಬೇಡಿ ಎಂದು ಕೆಲವರು ಅಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಅವರ ಮಾತು ಕೇಳಬೇಡಿ ಎಂಬ ಕರಪತ್ರ ಹಂಚಲು ಕಲಬುರಗಿಯಿಂದ ನಾನು ಮತ್ತು ಶಹಾಬಜಾರದ ಗೆಳತಿ ರೆಹಾನಾ ಹೋಗಿದ್ದೆವು. ಕೆಂಪು ಬಾಳೆಹಣ್ಣು ಮಾರುವ ಶರಣಮ್ಮ ಅದನ್ನು ಪೂರ್ತಿ ಓದಿಸಿ ಕೇಳಿದರು. “ಖರೆ ಅದ ನೋಡ್ರಿ, ಎಲ್ಲಾರೂ ಮನಷ್ಯಾರೇ” ಎಂದು ರೆಹಾನಾಳ ಕೈಗೆ ಹಣ್ಣು ಕೊಟ್ಟರು.

ರೆಹಾನಾ ಖುಷಿಯಿಂದ ಕೇಳಿದಳು: “ನಾ ಹಿಂದ ಬಂದಾಗ ನಿಮ್ಮ ಬಾಜೂಕ ಬಳಿ ಮಾರೋ ಚಾಚಾ ಕೂಡ್ತಿದ್ರಲ್ರೀ, ಎಲ್ಲಿ ಹೋದ್ರು?”

“ಅವರ್ನ ಎಬ್ಬಿಸ್ಯಾರವ್ವಾ. ಈಗ ಬಸ್‌ಸ್ಟ್ಯಾಂಡ್ ಹತ್ರ ಬಿಸಲಾಗ ಕೂಡ್ತಾರ. ಪಾಪ, ಛಲೋ ಮನಷ್ಯಾ.”

“ಮತ್ತ ಅವರ ಜಾಗಾ?”

ಶರಣಮ್ಮ ತಮ್ಮ ಬುಟ್ಟಿಗಳತ್ತ ನೋಡಿದರು. “ಖಾಲಿ ಬಿದ್ದಿತ್ತು, ನಾನೇ ಹಿಡದೀನಿ. ಇಲ್ಲಿ ನೆಳ್ಳ ಅದ ನೋಡ್ರಿ. ನನಗ ಅವರ ಮ್ಯಾಲ ಏನೂ ಸಿಟ್ಟಿಲ್ಲ.”

ರೆಹಾನಾ ಹಣ್ಣನ್ನು ಬುಟ್ಟಿಗೆ ವಾಪಸಿಟ್ಟಳು.

“ಯಾಕವ್ವಾ, ತಿನ್ನಂಗಿಲ್ಲೇನು?” ಶರಣಮ್ಮ ನಿಜವಾಗಿಯೂ ನೊಂದುಕೊಂಡರು.

ದ್ವೇಷ ಮಾಡುವವರಿಗೆ ಏನು ಹೇಳಬೇಕೆಂದು ಕಲಿತು ಹೋಗಿದ್ದೆವು. ದ್ವೇಷವೇ ಇಲ್ಲದೆ ನೆರಳಿಗೆ ಸರಿದು ಕುಳಿತವರಿಗೆ ಏನು ಹೇಳಬೇಕೋ, ಗೊತ್ತಿದ್ದವರು ತಿಳಿಸಿ.